ಚಂಡಿ ನೆಲದಲ್ಲಿ ಒಣ ಸೀಮೆಯ ಗಿಡಗಳು

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತ ನಮ್ಮತ್ತೆ ಪ್ರತಿ ವರ್ಷ ಹೇಳುತ್ತಾರೆ. ಏಪ್ರಿಲ್ ಕೊನೆ. ಬಿಸು ಹಬ್ಬ ಕಳೆದು ಎರಡು ವಾರ. ಸಂಜೆ ಹೊತ್ತಿಗೆ ಮೂಡಣದ ಘಟ್ಟದ ಮೇಲೆ ಮೋಡ ಕಪ್ಪುಗಟ್ಟುತ್ತದೆ, ಒಂದು ಗುಡುಗಿಗೆ ಕರೆಂಟು ಹೋಗುತ್ತದೆ, ಹೆಂಚಿನ ಮೇಲೆ ದಪ್ಪ ಹನಿಗಳು ಟಪಟಪ ಬೀಳುತ್ತವೆ. ಹೆಚ್ಚೆಂದರೆ ಅರ್ಧ ಗಂಟೆಯ ಮಳೆ. ಆರು ತಿಂಗಳು ಕಾದ ಅಂಗಳದಿಂದ ಆವಿ ಏಳುತ್ತದೆ. ಅತ್ತೆ ಜಗಲಿಯಲ್ಲಿ ಕುರ್ಚಿ ಎಳೆದುಕೊಂಡು ಆ ವಾಸನೆ ಹೀರುತ್ತಾ ಕೂರುತ್ತಾರೆ. ನಾನು ಬೇಗ ಊಟ ಮುಗಿಸಿ ಕೈಗವಸು ಹಾಕಿ, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಬಾಲ್ದಿ ಹಿಡಿದು ಬಸವನಹುಳ ಹೆಕ್ಕಲು ಅಂಗಳಕ್ಕೆ ಇಳಿಯುತ್ತೇನೆ.

ನಮ್ಮ ಮನೆ ಉಡುಪಿ ಹತ್ತಿರದ ಕಲ್ಯಾಣಪುರದಲ್ಲಿ, ಸ್ವರ್ಣಾ ನದಿಯಿಂದ ಕೂಗಳತೆ ದೂರ. ಹಳೆಯ ಹೆಂಚಿನ ಮನೆ, ಸುತ್ತ ಮುರಕಲ್ಲಿನ ಪಾಗಾರ, ಹಿಂದೆ ಹತ್ತು ತೆಂಗು, ಬಾವಿಕಟ್ಟೆಯ ಪಕ್ಕ ಬಸಳೆ ಚಪ್ಪರ. ಈ ಊರಿನಲ್ಲಿ ಎಚೆವೇರಿಯ, ಹವೋರ್ತಿಯ, ಜೇಡ್ ಗಿಡದಂಥ ಸಕ್ಯುಲೆಂಟು, ಎಂದರೆ ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡ, ಬೆಳೆಸುತ್ತೇನೆ ಎಂದರೆ ನರ್ಸರಿಯವರೇ ಒಮ್ಮೆ ಮುಖ ನೋಡುತ್ತಾರೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಕರಾವಳಿ ಇದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಬೆಂಗಳೂರಿನಲ್ಲಿ ಓದುತ್ತಿದ್ದ ಮಗಳು ಒಂದು ಸಲ ರಜೆಗೆ ಬರುವಾಗ ಎರಡು ಎಚೆವೇರಿಯ ತಂದುಕೊಟ್ಟಳು. ಮುಷ್ಟಿಯಷ್ಟು ಗಾತ್ರ, ತಾವರೆಯ ಹಾಗೆ ಜೋಡಿಸಿದ ಎಲೆ, ಎಲೆಯ ಮೇಲೆ ಬೂದಿ ಸವರಿದಂತೆ ತಿಳಿ ಹುಡಿ. ಅಷ್ಟು ಅಚ್ಚುಕಟ್ಟಾದ ಗಿಡವನ್ನು ನಾನು ಅದುವರೆಗೆ ನೋಡಿರಲಿಲ್ಲ. ಎರಡು ಇದ್ದದ್ದು ಎರಡು ವರ್ಷದಲ್ಲಿ ನಲವತ್ತಾಯಿತು.

ಆ ನಲವತ್ತರಲ್ಲಿ ಒಂದೇ ಮಳೆಗಾಲದಲ್ಲಿ ಇಪ್ಪತ್ತೊಂಬತ್ತು ಹೋದವು.

ಚಟ್ಟಿಗಳನ್ನೆಲ್ಲ ಬಾವಿಕಟ್ಟೆಯ ಆಚೆ ಬಯಲಿನಲ್ಲಿ ಸಾಲಾಗಿ ಇಟ್ಟಿದ್ದೆ. ಬೇಸಗೆಯಲ್ಲಿ ಅಲ್ಲಿ ಚೆನ್ನಾದ ಬಿಸಿಲು. ಮೇ ತಿಂಗಳ ಮೊದಲ ಮಳೆಗಳಿಗೆ ಗಿಡಗಳು ಉಬ್ಬಿ ಹೊಳೆದವು. ನನಗೂ ಸಂತೋಷ. ರೋಹಿಣಿ ಮಳೆ ಮುಗಿಯುವಾಗ ಕೆಳಗಿನ ಎಲೆಗಳು ಗಾಜಿನ ಹಾಗೆ ತೆಳ್ಳಗಾಗಿ ಮುಟ್ಟಿದರೆ ಕಳಚತೊಡಗಿದವು. ಮೃಗಶಿರಾದಲ್ಲಿ ಬೆಳಿಗ್ಗೆ ಎದ್ದು ನೋಡಿದರೆ ಎಲೆಗಳಲ್ಲಿ ತೂತು, ಅಂಚೆಲ್ಲ ಅರದಲ್ಲಿ ಉಜ್ಜಿದಂತೆ ಸವೆದು ಹೋಗಿತ್ತು, ಚಟ್ಟಿಯ ಮೈಮೇಲೆ ಬೆಳ್ಳಿಯ ಗೆರೆ. ಒಂದು ಚಟ್ಟಿಯ ಅಂಚಿನಲ್ಲಿ ಹೆಬ್ಬೆರಳಿಗಿಂತ ದಪ್ಪದ ಬಸವನಹುಳ ಇನ್ನೂ ಕೂತೇ ಇತ್ತು. ಕಳ್ಳ ಸಿಕ್ಕ ಎಂದುಕೊಂಡೆ. ಒಳಗೆ ಹೋಗಿ ಕಲ್ಲುಪ್ಪಿನ ಭರಣಿ ತಂದೆ.

ಉಪ್ಪು ಬಿದ್ದ ಬಸವನಹುಳವನ್ನು ನೋಡಿದವರಿಗೆ ಗೊತ್ತು. ಅದರ ಮೈಯ ನೀರನ್ನೆಲ್ಲ ಉಪ್ಪು ಹೊರಗೆಳೆಯುತ್ತದೆ. ನೊರೆ ಉಕ್ಕುತ್ತದೆ, ಹುಳ ಸುರುಟುತ್ತದೆ, ಬೇಗ ಸಾಯುವುದೂ ಇಲ್ಲ. ನಾನು ಅದನ್ನು ವಾರವಿಡೀ ಮಾಡಿದೆ. ಅತ್ತೆ ಮೂರು ದಿನ ನೋಡಿ ನಾಲ್ಕನೆಯ ದಿನ ಜಗಲಿಯಿಂದಲೇ ಕೇಳಿದರು: "ಉಪ್ಪು ಹಾಕಿ ಹಾಕಿ ಆ ಮಣ್ಣಲ್ಲಿ ಇನ್ನು ಎಂತ ಬೆಳೆಸ್ತೀ ಮಾರಾಯ್ತಿ? ಅದು ಎಲ್ಲಿಂದ ಬರ್ತದೆ ಅಂತ ಒಮ್ಮೆ ನೋಡಿದ್ದೀಯಾ?"

ನೋಡಿರಲಿಲ್ಲ. ಅವತ್ತು ಬೆಳಿಗ್ಗೆ ಬೆಳ್ಳಿಗೆರೆಗಳನ್ನು ಹಿಂದಕ್ಕೆ ಹಿಡಿದು ಹೋದೆ. ಒಂದು ಗೆರೆ ಚಟ್ಟಿಯ ಅಡಿಯ ತಟ್ಟೆಗೆ ಹೋಯಿತು. ತಟ್ಟೆಯಲ್ಲಿ ಎರಡು ಬೆರಳಿನಷ್ಟು ನೀರು ನಿಂತಿತ್ತು. ಇನ್ನೊಂದು ಬಾಳೆಯ ಬುಡಕ್ಕೆ, ನಾನೇ ರಾಶಿ ಹಾಕಿದ್ದ ತೆಂಗಿನ ಸಿಪ್ಪೆಯ ಕೆಳಗೆ. ಉಳಿದವು ಪಾಗಾರದ ಮುರಕಲ್ಲಿನ ತೂತುಗಳಿಗೆ. ತೂತಿನೊಳಗೆ ಟಾರ್ಚು ಬಿಟ್ಟರೆ ಒಂದರ ಮೇಲೊಂದು ಒತ್ತಿಕೊಂಡ ಚಿಪ್ಪುಗಳು. ಗೆರೆ ಹೋದ ಕಡೆಯೆಲ್ಲ ನೀರು ನಿಲ್ಲುತ್ತಿತ್ತು, ಅಥವಾ ಚಂಡಿ, ಎಂದರೆ ಒದ್ದೆ, ಒಣಗುತ್ತಲೇ ಇರಲಿಲ್ಲ. ಮನೆ ಕಟ್ಟಿದವರಿಗೂ ಗೊತ್ತಿಲ್ಲದ ನೀರಿನ ಜಾಡನ್ನು ಈ ಹುಳ ಒಂದು ರಾತ್ರಿಯಲ್ಲಿ ಬರೆದುಕೊಟ್ಟಿತ್ತು.

ಆಮೇಲೆ ತಿಂದುಹೋದ ಗಿಡಗಳನ್ನು ಒಂದೊಂದಾಗಿ ಕಿತ್ತೆ. ಹೆಚ್ಚಿನವುಗಳ ಬುಡ ಆಗಲೇ ಕಪ್ಪಾಗಿತ್ತು. ಬೇರು ಎನ್ನುವಂಥದ್ದು ಉಳಿದಿರಲಿಲ್ಲ, ಅಂಗೈಯಲ್ಲಿ ಹುಳಿ ವಾಸನೆಯ ಕೆಸರು ಮಾತ್ರ. ಅತ್ತೆ ಒಂದು ಬುಡವನ್ನು ಕೈಯಲ್ಲಿ ಹಿಡಿದು ಮೂಸಿ, "ಇದು ಕೊಳೆ" ಅಂದರು. ಅವರ ತವರು ಕಾರ್ಕಳದ ಕಡೆಯ ಅಡಕೆ ತೋಟ. ಅಡಕೆಯ ಕೊಳೆರೋಗಕ್ಕೆ ಕಾರಣ ಫೈಟೊಫ್ತೊರ ಎಂಬ ಸೂಕ್ಷ್ಮಜೀವಿ. ಮಳೆ ಹನಿ ಕಡಿಯದ ದಿನಗಳಲ್ಲಿ ಅದು ನೀರಿನ ಪಸೆಯಲ್ಲೇ ಈಜಿ ಹರಡುತ್ತದೆ. ಅದೇ ಬಳಗದ ಜೀವಿಗಳು ಸಕ್ಯುಲೆಂಟುಗಳ ಬೇರನ್ನೂ ಕೊಳೆಸುತ್ತವೆ. ನೀರು ತುಂಬಿದ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ, ಉಸಿರು ಕಟ್ಟಿದ ಬೇರಿಗೆ ರೋಗ ಸುಲಭವಾಗಿ ಹತ್ತುತ್ತದೆ. ಕೊಳೆತು ಮೆತ್ತಗಾದ ಎಲೆ ಬಸವನಹುಳಕ್ಕೆ ಅಚ್ಚುಮೆಚ್ಚು. ನನ್ನ ಇಪ್ಪತ್ತೊಂಬತ್ತು ಗಿಡಗಳಲ್ಲಿ ಎಷ್ಟನ್ನು ಹುಳ ಕೊಂದಿತು, ಎಷ್ಟನ್ನು ನಾನು ನೀರಲ್ಲಿ ನಿಲ್ಲಿಸಿ ಕೊಂದೆ ಎಂಬ ಲೆಕ್ಕ ಆ ಬೆಳಿಗ್ಗೆ ನನಗೆ ಸಿಕ್ಕಿತು. ಉಪ್ಪಿನ ಭರಣಿಯನ್ನು ಅಡುಗೆಮನೆಗೆ ವಾಪಸು ಇಟ್ಟೆ.

ಹಾಗೆಂದು ಹುಳ ನಿರಪರಾಧಿ ಎಂದು ನಾನು ಹೇಳುವುದಿಲ್ಲ. ಕೊಳೆತದ್ದು ಮುಗಿದ ಮೇಲೆ ಅದು ಆರೋಗ್ಯವಂತ ಗಿಡಕ್ಕೂ ಬರುತ್ತದೆ. ಅದರ ನಾಲಗೆ ಒಂದು ಪಟ್ಟಿ, ಅದರ ಮೇಲೆ ಸಾವಿರಾರು ಸಣ್ಣ ಹಲ್ಲು. ಕಚ್ಚುವುದಕ್ಕಿಂತ ಹೆರೆಯುವುದೇ ಜಾಸ್ತಿ. ಎಚೆವೇರಿಯದ ಮೇಲಿರುವ ಹುಡಿ ಒಂದು ಬಗೆಯ ಮೇಣ. ಬಿಸಿಲಿನಿಂದಲೂ ನೀರಿನಿಂದಲೂ ಎಲೆಯನ್ನು ಕಾಯುವುದು ಅದೇ. ಹುಳ ಹಾದುಹೋದ ಕಡೆ ಆ ಹುಡಿ ಹೋದರೆ ಆ ಎಲೆಯ ಮೇಲೆ ಮತ್ತೆ ಬರುವುದಿಲ್ಲ. ಬಸಳೆ ಎಲೆ ತೂತಾದರೆ ವಾರದಲ್ಲಿ ಹೊಸದು ಬರುತ್ತದೆ. ಎಚೆವೇರಿಯದ ಒಂದು ಎಲೆ ಹಾಳಾದರೆ ಆ ಗುರುತು ತಿಂಗಳುಗಟ್ಟಲೆ ಕಣ್ಣ ಮುಂದೆ ಇರುತ್ತದೆ. ಗಿಡದ ಸುಳಿಯನ್ನೇ ತಿಂದರೆ ಕತೆ ಮುಗಿಯಿತು.

ರಾತ್ರಿ ಟಾರ್ಚು ಹಿಡಿದು ಗಿಡಗಳ ನಡುವೆ ನಿಂತಾಗ ನನಗೆ ಬೇರೊಂದು ಯೋಚನೆಯೂ ಬರುತ್ತದೆ. ಹುಳ ಎದ್ದು ಓಡಾಡುವ ಹೊತ್ತು, ಗಿಡ ಉಸಿರಾಡುವ ಹೊತ್ತು ಎರಡೂ ಒಂದೇ. ಬೇರೆ ಗಿಡಗಳು ಹಗಲು ಎಲೆಯ ರಂಧ್ರ ತೆರೆದರೆ, ಒಣ ಸೀಮೆಯ ಈ ಗಿಡಗಳು ಹಗಲು ಬಿಗಿಯಾಗಿ ಮುಚ್ಚಿಕೊಂಡು ರಾತ್ರಿ ತೆರೆಯುತ್ತವೆ. ರಾತ್ರಿ ಎಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಮರುದಿನ ಬಾಗಿಲು ಮುಚ್ಚಿಕೊಂಡೇ ಬಿಸಿಲಿನಲ್ಲಿ ಸಕ್ಕರೆ ಮಾಡುತ್ತವೆ. ಇದರ ಮೊದಮೊದಲ ಸುಳಿವುಗಳಲ್ಲಿ ಒಂದು ಸಿಕ್ಕಿದ್ದು ನಮ್ಮ ದೇಶದಲ್ಲೇ. ಬೆಂಗಳೂರಿನ ಲಾಲ್‌ಬಾಗಿನ ಉಸ್ತುವಾರಿಯನ್ನೂ ನೋಡಿಕೊಂಡಿದ್ದ ಬೆಂಜಮಿನ್ ಹೇನ್ ಎಂಬ ಸಸ್ಯಶಾಸ್ತ್ರಜ್ಞ ಕಾಡುಬಸಳೆಯ ಎಲೆಯನ್ನು ಬೇರೆ ಬೇರೆ ಹೊತ್ತಿನಲ್ಲಿ ತಿಂದು ನೋಡಿದ. ಬೆಳಿಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಗೆ ತುಸು ಕಹಿ. ಆ ಟಿಪ್ಪಣಿ 1815ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಸಂಪುಟದಲ್ಲಿ ಪ್ರಕಟವಾಯಿತು.

ಕಾಡುಬಸಳೆ ಎಂದರೆ ನಮಗೆ ಶಾಲೆಯ ಪುಸ್ತಕದ ನಡುವೆ ಇಟ್ಟು ಮರಿ ಬರುವುದನ್ನು ಕಾಯುತ್ತಿದ್ದ ಎಲೆ. ಅದೂ ಸಕ್ಯುಲೆಂಟೇ, ಮೂಲ ಮಡಗಾಸ್ಕರ್. ಎಚೆವೇರಿಯದ, ಜೇಡ್ ಗಿಡದ ದಾಯಾದಿ. ನಮ್ಮ ಬಾವಿಕಟ್ಟೆಯ ಸಂದಿಯಲ್ಲಿ ಯಾರೂ ನೆಡದೆ ಬೆಳೆದಿದೆ. ಹೇನ್‌ನ ವಿಷಯ ಓದಿದ ಮರುದಿನ ನಸುಕಿನಲ್ಲಿ ಒಂದು ಎಲೆಯ ತುದಿ ಕಚ್ಚಿ ನೋಡಿದೆ. ಬಿಂಬುಳಿಯಷ್ಟಲ್ಲದಿದ್ದರೂ ಹುಳಿ ಸ್ಪಷ್ಟ. ಮಧ್ಯಾಹ್ನ ಪಕ್ಕದ ಎಲೆ ಕಚ್ಚಿದರೆ ಏನೂ ಇಲ್ಲ, ಬರೀ ನೀರು. ಇನ್ನೂರು ವರ್ಷ ಹಿಂದಿನ ಮಾತು ನಾಲಗೆಯ ಮೇಲೆ ನಿಜವಾದಾಗ ಮೈ ಜುಂ ಎಂದಿತು. ಅತ್ತೆಗೂ ಕೊಟ್ಟೆ. ಅವರು ಬೆಳಗ್ಗಿನದನ್ನು ಬಾಯಲ್ಲಿಟ್ಟು, "ಗಂಟಲಿಗೆ ಮದ್ದು ಮಾಡುವಾಗ ಬೆಳಿಗ್ಗೆಯೇ ಕೊಯ್ಯಬೇಕು ಅಂತ ಅಮ್ಮ ಹೇಳ್ತಿದ್ದದ್ದು ಇದಕ್ಕೇ ಇರ್ಬೇಕು" ಎಂದರು.

ಇಷ್ಟು ತಿಳಿದ ಮೇಲೆ ನಮ್ಮ ಊರಿನಲ್ಲಿ ಈ ಗಿಡಗಳಿಗೆ ಯಾಕೆ ಕಷ್ಟ ಎಂಬುದೂ ಅರ್ಥವಾಗುತ್ತದೆ. ರಾತ್ರಿ ತೆರೆದುಕೊಳ್ಳುವ ಗಿಡಕ್ಕೆ ತಂಪು ರಾತ್ರಿ ಬೇಕು. ಎಚೆವೇರಿಯದ ಮೂಲ ಹೆಚ್ಚಾಗಿ ಮೆಕ್ಸಿಕೊದ ಎತ್ತರದ ನೆಲ; ಅಲ್ಲಿನ ಚಿತ್ರಕಾರ ಅತನಾಸಿಯೊ ಎಚೆವೆರಿಯನ ನೆನಪಿಗೇ 1828ರಲ್ಲಿ ಆ ಹೆಸರು ಇಟ್ಟದ್ದು. ಅಲ್ಲಿಯೂ ಮಳೆ ಬೀಳುತ್ತದೆ. ಆದರೆ ಗಿಡ ಇರುವುದು ಕಡಿದಾದ ಬಂಡೆಯ ಸಂದಿನಲ್ಲಿ, ಬಿದ್ದ ನೀರು ಕ್ಷಣದಲ್ಲಿ ಜಾರಿಹೋಗುತ್ತದೆ. ನಮ್ಮ ಮೇ ತಿಂಗಳ ರಾತ್ರಿಗಳು ಬೆವರುವ ರಾತ್ರಿಗಳು. ಸೆಕೆ, ಗಾಳಿಯಲ್ಲಿ ತೇವ, ಮಧ್ಯೆ ಮಧ್ಯೆ ಸಿಡಿಲಿನ ಮಳೆ. ಆಗ ಗಿಡ ಬೆಳೆಯುವುದನ್ನು ನಿಲ್ಲಿಸಿ ಸುಮ್ಮನೆ ಕೂತಿರುತ್ತದೆ, ನೀರು ಕುಡಿಯುವುದೂ ಕಡಿಮೆ. ಜೂನ್‌ಗಿಂತ ನನಗೆ ಈ ವಸಂತದ ಮಳೆಯ ಭಯವೇ ಹೆಚ್ಚು. ಜೂನ್‌ಗೆ ನಾವು ತಯಾರಿರುತ್ತೇವೆ, ಏಪ್ರಿಲ್ ಕೊನೆಯ ಮಳೆಗೆ ಯಾರೂ ತಯಾರಿರುವುದಿಲ್ಲ.

ಬಸವನಹುಳ ಮಾತ್ರ ತಯಾರಿರುತ್ತದೆ. ಡಿಸೆಂಬರ್‌ನಲ್ಲಿ ನೆಲ ಒಣಗುತ್ತಿದ್ದಂತೆ ಅದು ಕಲ್ಲಿನ ತೂತಿಗೋ ಮಣ್ಣಿನೊಳಕ್ಕೋ ಸೇರಿ, ಚಿಪ್ಪಿನ ಬಾಯಿಗೆ ತನ್ನ ಲೋಳೆಯಿಂದಲೇ ಪೊರೆ ಕಟ್ಟಿ ಮಲಗುತ್ತದೆ. ಮೈಯ ನೀರು ಆರದಂತೆ ಬಾಗಿಲು ಮುಚ್ಚಿ ತಿಂಗಳುಗಟ್ಟಲೆ ಕಾಯುತ್ತದೆ. ನನ್ನ ಗಿಡಗಳು ಮಾಡುವುದೂ ಅದನ್ನೇ ಎಂದು ಹೊಳೆದ ದಿನದಿಂದ ನನಗೆ ಆ ಹುಳದ ಮೇಲೆ ಮೊದಲಿನ ಸಿಟ್ಟು ಉಳಿದಿಲ್ಲ.

ಮೊದಲ ಮಳೆಯ ತೇವ ತಾಗಿದ ರಾತ್ರಿ ಪೊರೆ ಒಡೆದು ಹಸಿದ ಹೊಟ್ಟೆಯಲ್ಲಿ ಹೊರಬರುತ್ತದೆ. ತಿನ್ನುತ್ತದೆ, ಜೊತೆಗೂಡುತ್ತದೆ, ಮೊಟ್ಟೆ ಇಡುತ್ತದೆ. ಒಂದೊಂದು ಹುಳದಲ್ಲೂ ಗಂಡು ಹೆಣ್ಣು ಎರಡೂ ಇರುವುದರಿಂದ ಜೊತೆಗೂಡಿದ ಮೇಲೆ ಎರಡೂ ಮೊಟ್ಟೆ ಇಡಬಲ್ಲವು. ದೊಡ್ಡ ಆಫ್ರಿಕನ್ ಹುಳವಾದರೆ ಒಂದು ಸಲಕ್ಕೆ ನೂರು, ಇನ್ನೂರು. ಚಟ್ಟಿ ಎತ್ತಿ ನೋಡಿದರೆ ಅಡಿಯ ಸಡಿಲ ಮಣ್ಣಿನಲ್ಲಿ ನೆನೆಸಿದ ಸಾಬಕ್ಕಿಯ ಹಾಗೆ ಗುಪ್ಪೆಯಾಗಿ ಕಾಣುತ್ತವೆ. ಆದ್ದರಿಂದ ಇಡೀ ವರ್ಷದಲ್ಲಿ ನನಗೆ ಮುಖ್ಯವಾದ ರಾತ್ರಿಗಳು ಭರಣಿ ಮಳೆಯ ಮೊದಲ ಮೂರು ರಾತ್ರಿಗಳು. ಮೊಟ್ಟೆ ಇಡುವ ಮೊದಲು ಹೆಕ್ಕಿದ ಒಂದು ಹುಳ, ನಡುಮಳೆಗಾಲದ ಆಟಿ ತಿಂಗಳಲ್ಲಿ ಹೆಕ್ಕುವ ನೂರಕ್ಕೆ ಸಮ.

ಆಫ್ರಿಕನ್ ಹುಳ ಎಂದೆನಲ್ಲ, ಅದರ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಕಡೆ ತೋಟದವರು ಶಂಖದ ಹುಳ ಎನ್ನುವುದು ಅದನ್ನೇ. ಕಂದು ಚಿಪ್ಪು, ಮೇಲೆ ಉದ್ದುದ್ದ ಗೀರು, ಚೂಪು ತುದಿ, ಬೆಳೆದರೆ ಅಂಗೈ ತುಂಬುತ್ತದೆ. ಮೂಲ ಪೂರ್ವ ಆಫ್ರಿಕ. 1847ರಲ್ಲಿ ಬೆನ್ಸನ್ ಎಂಬ ಇಂಗ್ಲಿಷ್ ಅಧಿಕಾರಿ, ಚಿಪ್ಪುಗಳ ಹವ್ಯಾಸಿ, ಮಾರಿಷಸ್‌ನಿಂದ ಕೆಲವನ್ನು ಜೀವಂತ ತಂದ. ಅವು ಕಲ್ಕತ್ತೆಯ ತೋಟ ಸೇರಿದವು. ಅಲ್ಲಿಂದ ಗಿಡ, ಗೊಬ್ಬರ, ಮಣ್ಣು, ಮರದ ಲಾರಿಗಳ ಜೊತೆ ದೇಶವೆಲ್ಲ ಹಬ್ಬಿದವು. ನಮ್ಮ ಮನೆಗೆ ಬಂದದ್ದು ಯಾವ ದಾರಿಯಿಂದ ಎಂದು ನನಗೆ ಅನುಮಾನ ಉಂಟು. ಒಂದು ವರ್ಷ ಒಂದು ನರ್ಸರಿಯಿಂದ ಹತ್ತು ಚೀಲ ಮಣ್ಣು ತರಿಸಿದ್ದೆ. ಅದಕ್ಕೂ ಮೊದಲು ಅಂಗಳದಲ್ಲಿ ಈ ಗಾತ್ರದವು ಕಂಡದ್ದು ಅತ್ತೆಗೆ ನೆನಪಿಲ್ಲ. ಈಗ ಹೊರಗಿನಿಂದ ಯಾವ ಗಿಡ ಬಂದರೂ ಮಣ್ಣು ಪೂರ್ತಿ ಉದುರಿಸಿ, ಬೇರು ತೊಳೆದು, ಎರಡು ವಾರ ಬೇರೆಯೇ ಇಡುತ್ತೇನೆ.

ಅದಕ್ಕೆ ಚಿಪ್ಪು ಕಟ್ಟಲು ಸುಣ್ಣದ ಅಂಶ ಬೇಕು. ನಮ್ಮ ಕೆಂಪು ಮಣ್ಣಿನಲ್ಲಿ ಅದು ಕಡಿಮೆ. ಹಾಗಾಗಿ ಗೋಡೆಯ ಸುಣ್ಣ ಹೆರೆಯುತ್ತದೆ. ನಮ್ಮ ಕೊಟ್ಟಿಗೆಯ ಗೋಡೆಯಲ್ಲಿ ನೆಲದಿಂದ ಮೊಣಕಾಲೆತ್ತರದವರೆಗೆ ಆ ಗುರುತು ಕಾಣುತ್ತದೆ. ಇದು ತಿಳಿಯದೆ ನಾನು ಎರಡು ವರ್ಷ ಅಕ್ಕಪಕ್ಕದ ಮನೆಯವರಿಂದ ಮೊಟ್ಟೆಯ ಓಡು ಕೂಡಿಸಿ, ಪುಡಿ ಮಾಡಿ, ಚಟ್ಟಿಗಳ ಸುತ್ತ ಬೇಲಿಯ ಹಾಗೆ ಉದುರಿಸಿದ್ದೆ. ಹುಳಗಳು ಅದರ ಮೇಲೆಯೇ ಹಾದು ಬಂದವು. ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2018ರಲ್ಲಿ ಮೊಟ್ಟೆಯ ಓಡು, ತಾಮ್ರದ ಪಟ್ಟಿ, ಚರಳು, ಮರದ ತೊಗಟೆ, ಉಣ್ಣೆಯ ಗುಳಿಗೆ ಎಲ್ಲವನ್ನೂ ಪರೀಕ್ಷಿಸಿ ಯಾವುದರಿಂದಲೂ ಗಿಡಗಳಿಗೆ ಹೇಳಿಕೊಳ್ಳುವಂಥ ರಕ್ಷಣೆ ಸಿಗಲಿಲ್ಲ ಎಂದು ಹೇಳಿತು. ಅದನ್ನು ಓದಿದ ದಿನ ಓಡಿನ ಡಬ್ಬವನ್ನು ಮಲ್ಲಿಗೆಯ ಬುಡಕ್ಕೆ ಸುರಿದೆ. ಮಲ್ಲಿಗೆಗಾದರೂ ಉಪಯೋಗಕ್ಕೆ ಬರಲಿ.

ಬಸವನಹುಳ ಕೊಲ್ಲಲೆಂದು ಅಂಗಡಿಯಲ್ಲಿ ಸಿಗುವ ಮೆಟಾಲ್ಡಿಹೈಡ್ ಎಂಬ ವಿಷದ ಗುಳಿಗೆಯನ್ನು ನಾನು ತಂದಿಲ್ಲ, ತರುವುದೂ ಇಲ್ಲ. ನಾಯಿ ಬೆಕ್ಕು ತಿಂದರೆ ಪ್ರಾಣಕ್ಕೇ ಕುತ್ತು. ಬ್ರಿಟನ್ನಿನಲ್ಲಿ 2022ರಿಂದ ಅದನ್ನು ಬಯಲಿನಲ್ಲಿ ಬಳಸುವುದೇ ನಿಷಿದ್ಧ. ನಮ್ಮ ಅಂಗಳಕ್ಕೆ ಬೀದಿನಾಯಿಗಳು ಬರುತ್ತವೆ, ಪಕ್ಕದ ಮನೆಯ ಬೆಕ್ಕು ಚಟ್ಟಿಗಳ ನಡುವೆಯೇ ಮಲಗುತ್ತದೆ. ಅಷ್ಟೇ ಅಲ್ಲ, ಪಾಗಾರದ ಮೇಲೆ ದಿನವೂ ಒಂದು ಕೆಂಬೂತ ಬರುತ್ತದೆ. ನವಿಲ ಕಂಡು ಕೆಂಬೂತ ಪುಕ್ಕ ಕೆದರಿತು ಎಂದು ಗಾದೆ ಮಾಡಿ ನಾವು ಆ ಹಕ್ಕಿಗೆ ಅನ್ಯಾಯ ಮಾಡಿದ್ದೇವೆ ಎಂದು ನನಗೆ ಅನ್ನಿಸುತ್ತದೆ. ಬಸವನಹುಳವನ್ನು ಎಳೆದುಕೊಂಡು ಹೋಗಿ ಚಿಪ್ಪು ಒಡೆದು ತಿನ್ನುವ ಹಕ್ಕಿ ಅದು. ಮಿಂಚುಹುಳದ ಮರಿಗಳೂ ಬಸವನಹುಳ ತಿಂದೇ ಬೆಳೆಯುತ್ತವೆ. ಬಾವಿಯ ಆಚೆ ಹಲಸಿನ ಮರದಲ್ಲಿ ಮೇ ಕೊನೆಗೆ ಮಿಂಚುಹುಳ ಮಿನುಗುವುದನ್ನು ನೋಡಿದಾಗ, ವಿಷ ಹಾಕದೆ ಇದ್ದದ್ದು ಒಳ್ಳೆಯದಾಯಿತು ಎಂದು ಮನಸ್ಸಿಗೆ ಸಮಾಧಾನ.

ಹಾಗಾಗಿ ಕೈಯಲ್ಲೇ ಹೆಕ್ಕುವುದು. ವಿಧಾನ ಅತ್ತೆಯದು: ಮಧ್ಯಾಹ್ನ ನಾಲ್ಕೈದು ಅಡಕೆ ಹಾಳೆಗಳನ್ನು ನೀರಲ್ಲಿ ಅದ್ದಿ, ಪಾಗಾರದ ಬುಡದಲ್ಲಿ ಕವುಚಿ ಹಾಕಿ, ಅಡಿಯಲ್ಲಿ ಪಪ್ಪಾಯಿ ಎಲೆಯೋ ಪಪ್ಪಾಯಿ ಹಣ್ಣಿನ ಸಿಪ್ಪೆಯೋ ಇಡುವುದು. ಪಪ್ಪಾಯಿ ಎಂದರೆ ಈ ಹುಳಕ್ಕೆ ಪ್ರಾಣ. ರಾತ್ರಿ ಎಂಟೂವರೆಗೆ ಒಂದು ಸುತ್ತು, ಬೆಳಿಗ್ಗೆ ಬಿಸಿಲು ಬರುವ ಮೊದಲು ಹಾಳೆ ಮಗುಚಿ ಇನ್ನೊಂದು ಸುತ್ತು. ಎಲೆಯ ಮೇಲೆ ಹುಡುಕುವುದಕ್ಕಿಂತ ಹಾಳೆಯ ಅಡಿಯಲ್ಲಿ ಸಿಗುವುದೇ ಹೆಚ್ಚು. ಹೆಕ್ಕಿದ್ದನ್ನು ಕುದಿಯುವ ನೀರಿಗೆ ಹಾಕುತ್ತೇನೆ, ಆಮೇಲೆ ತೋಟದ ಮೂಲೆಯ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚುತ್ತೇನೆ. ಉಪ್ಪಿನ ಹಾಗೆ ನರಳಿಸುವುದಿಲ್ಲ, ಕ್ಷಣದ ಕೆಲಸ. ಆದರೂ ಪ್ರತಿ ಸಲ ಬಾಲ್ದಿ ಮಗುಚುವಾಗ ಕೈ ಒಂದು ಗಳಿಗೆ ನಿಲ್ಲುತ್ತದೆ. ಅದು ನಿಲ್ಲದೆ ಹೋಗುವ ದಿನ ಬರಬಾರದು ಎಂದೇ ನನ್ನ ಆಸೆ.

ಕೈಗವಸಿನ ವಿಷಯದಲ್ಲಿ ಮಾತ್ರ ಯಾರೂ ಸಲುಗೆ ತೆಗೆದುಕೊಳ್ಳಬೇಡಿ. ಇಲಿಯ ಶ್ವಾಸಕೋಶದಲ್ಲಿ ಬದುಕುವ ಒಂದು ಜಂತುಹುಳ ಇಲಿಯ ಹಿಕ್ಕೆಯಿಂದ ಬಸವನಹುಳಕ್ಕೆ ಸೇರುತ್ತದೆ. ಬೇಯದ ಹುಳದ ತುಣುಕೋ, ತೊಳೆಯದ ಸೊಪ್ಪಿಗೆ ಅಂಟಿದ ಪುಟ್ಟ ಮರಿಯೋ ಮನುಷ್ಯನ ಹೊಟ್ಟೆಗೆ ಹೋದರೆ ಆ ಜಂತು ಮೆದುಳಿನ ಪೊರೆಗೆ ಉರಿಯೂತ ತರಬಹುದು. ಮಕ್ಕಳು ಚಿಪ್ಪಿನ ಆಸೆಗೆ ಇದನ್ನು ಹಿಡಿದು ಆಡುತ್ತಾರೆ, ಬಿಡಬೇಡಿ. ನಮ್ಮ ಬಸಳೆ ಚಪ್ಪರದಲ್ಲೂ ಬೆಳ್ಳಿಗೆರೆ ಕಾಣುವುದುಂಟು. ಬಸಳೆ ಬೇಯಿಸಿಯೇ ತಿನ್ನುವುದರಿಂದ ಹೆದರಿಕೆ ಇಲ್ಲ. ಒಂದೆಲಗದ ತಂಬುಳಿಗೆ ಕೊಯ್ದ ಹಸಿ ಎಲೆಯನ್ನು ಮಾತ್ರ ಒಂದೊಂದಾಗಿ ಬಿಡಿಸಿ, ಅಡಿಮೇಲು ಮಾಡಿ, ಹರಿಯುವ ನೀರಿನಲ್ಲಿ ತೊಳೆಯುವುದು ನಮ್ಮ ಮನೆಯಲ್ಲಿ ಈಗ ಕಾನೂನು.

ಹೆಕ್ಕಲು ಶುರುಮಾಡಿದ ಮೊದಲ ವರ್ಷ ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ ಬರೆದ ಸಂಖ್ಯೆಗಳು: 61, 48, 52. ಅದು ಮೂರು ರಾತ್ರಿಯ ಲೆಕ್ಕ. ನಾಲ್ಕನೆಯ ವರ್ಷದಲ್ಲಿ ಮೂರೂ ರಾತ್ರಿ ಸೇರಿ ಅರುವತ್ತು ದಾಟಲಿಲ್ಲ. ಪಾಗಾರದ ತೂತುಗಳಿಗೆ ಗಾರೆ ತುಂಬಿಸಿದ್ದೂ ಸಿಪ್ಪೆಯ ರಾಶಿಯನ್ನು ದೂರ ಸಾಗಿಸಿದ್ದೂ ಅದರಲ್ಲಿ ಸೇರಿದೆ.

ಚಟ್ಟಿಗಳ ವ್ಯವಸ್ಥೆಯನ್ನೂ ಬದಲಿಸಿದೆ. ಅಡಿಯ ತಟ್ಟೆಗಳನ್ನೆಲ್ಲ ತೆಗೆದೆ. ಮಣ್ಣಿನ ಬದಲು ಈಗ ನನ್ನ ಮಿಶ್ರಣದಲ್ಲಿ ಹೆಚ್ಚಿನದು ಹೆಂಚಿನ ಚೂರು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಈ ಕರಾವಳಿಯಲ್ಲಿ ಒಡೆದ ಹೆಂಚಿಗೆ ಬರವಿಲ್ಲ, ಹಳೆ ಮನೆ ಕೆಡವಿದ ಕಡೆ ಕೇಳಿದರೆ ಸುಮ್ಮನೆ ಕೊಡುತ್ತಾರೆ. ಕಡಲೆ ಗಾತ್ರಕ್ಕೆ ಕುಟ್ಟಿ, ಹುಡಿಯನ್ನು ಜರಡಿ ಹಿಡಿದು ಬಿಟ್ಟು, ಮೂರು ಪಾಲು ಚೂರಿಗೆ ಒಂದು ಪಾಲು ಹಳೆಯ ಸೆಗಣಿ ಗೊಬ್ಬರ, ಒಂದು ಹಿಡಿ ಸುಟ್ಟ ಉಮಿ. ಹೆಂಚು ತನ್ನೊಳಗೆ ತುಸು ನೀರು ಹಿಡಿದಿಟ್ಟುಕೊಳ್ಳುತ್ತದೆ, ಚೂರುಗಳ ನಡುವೆ ಗಾಳಿ ಆಡುತ್ತದೆ. ಕಡಲತಡಿಯ ಹೊಯಿಗೆಯಲ್ಲಿ ಉಪ್ಪು ಇರುತ್ತದೆ, ಅದನ್ನು ಬಳಸಬೇಡಿ. ತುಂಬ ನಯವಾದ ಹೊಳೆಯ ಹೊಯಿಗೆಯೂ ಬೇಡ, ಅದು ಒತ್ತಿ ಕೂತು ನೀರನ್ನು ತಡೆಯುತ್ತದೆ.

ಬಾವಿಕಟ್ಟೆಯ ಬಯಲಿನಿಂದ ಎಲ್ಲವೂ ಪಡಸಾಲೆಯ ಪಕ್ಕದ ಕಬ್ಬಿಣದ ಮೆಟ್ಟಿಲು ಸ್ಟ್ಯಾಂಡಿಗೆ ಬಂದವು. ಮೇಲೆ ಬೆಳಕು ಬಿಡುವ ಶೀಟು. ಪಡುವಣದಿಂದ ಹೊಡೆಯುವ ಎರಚಲಿಗೆ ಹಿಂದೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ನಾನೂ ಒಂದು ವರ್ಷ ಅದನ್ನೇ ಕಟ್ಟಿದೆ, ಬೆಳಕು ಸಾಲದೆ ಗಿಡಗಳು ಕತ್ತು ಉದ್ದ ಮಾಡಿಕೊಂಡವು. ಈಗ ಆ ಬದಿಗೂ ಬೆಳಕಿನ ಶೀಟೇ, ನೆಲದಿಂದ ಒಂದು ಅಡಿ ಬಿಟ್ಟು, ಗಾಳಿಗಾಗಿ. ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಡಬ್ಬದಲ್ಲಿ ಇಟ್ಟಿದ್ದೇನೆ, ಇರುವೆಗೆ ಹಾಲಿನ ಪಾತ್ರೆ ಇಡುವ ಹಾಗೆ. ಹುಳ ಹತ್ತುವುದು ಅದರಿಂದ ಬಹಳ ಕಡಿಮೆಯಾಯಿತು. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವಲ್ಲ, ಅದೇ ದಿನ ನಾನೂ ನೀರಿನ ಮಗ್ಗು ಕೆಳಗಿಡುತ್ತೇನೆ. ಅಲ್ಲಿಂದ ಆಗಸ್ಟ್ ನಡುವೆ ಶುರುವಾಗುವ ಸೋಣ ತಿಂಗಳವರೆಗೆ ಎಚೆವೇರಿಯಗಳಿಗೆ ನೀರು ಇಲ್ಲವೆಂದೇ ಹೇಳಬೇಕು. ಗಾಳಿಯ ತೇವದಲ್ಲೇ ಅವು ಕಾಲ ಕಳೆಯುತ್ತವೆ. ಎಲೆ ಸ್ವಲ್ಪ ಸುಕ್ಕಾದರೂ ನೋಡಿ ಸುಮ್ಮನಿರಬೇಕು, ಕೈ ಕಟ್ಟಿ ಕೂರುವ ಆ ಕೆಲಸವೇ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು.

2025ರಲ್ಲಿ ಲೆಕ್ಕ ತಪ್ಪುವ ಹಾಗಾಯಿತು. ಕೇರಳಕ್ಕೆ ಜೂನ್ 1ರ ಸುಮಾರಿಗೆ ಬರಬೇಕಾದ ಮುಂಗಾರು ಮೇ 24ಕ್ಕೇ ಬಂತು, 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ನಮ್ಮಲ್ಲಿ ಅದಕ್ಕೂ ಮೊದಲೇ ಜಡಿಮಳೆ ಹಿಡಿದಿತ್ತು. ಬದಿಯ ಶೀಟು ಇನ್ನೂ ಕೊಟ್ಟಿಗೆಯಲ್ಲೇ ಇತ್ತು. ಇಡೀ ರಾತ್ರಿ ನಾನೂ ಮಗಳೂ ಟಾರ್ಪಾಲು ಹಿಡಿದು ಕಟ್ಟಿದೆವು, ಆದರೂ ಆರು ಅಡೀನಿಯಂ ಗಿಡಗಳ ಗಡ್ಡೆ ಮೆತ್ತಗಾದವು. ಈಗ ಬಿಸು ಕಳೆದ ಮರುದಿನವೇ ಶೀಟು ಕಟ್ಟುತ್ತೇವೆ.

ಇನ್ನೊಂದು ವಿಷಯ ನನಗೆ ತಡವಾಗಿ ತಿಳಿದದ್ದು. ಅಂಗಳದ ಎಲ್ಲ ಬಸವನಹುಳಗಳೂ ಆಫ್ರಿಕದವಲ್ಲ. ಮೊದಲ ವರ್ಷದ ಆ ಬಾಲ್ದಿಯಲ್ಲಿ ನಮ್ಮ ನೆಲದವೇ ಎಷ್ಟು ಹೋದವೋ. ಘಟ್ಟ ಮತ್ತು ಕರಾವಳಿಯ ನಡುವಿನ ಈ ಮಣ್ಣಿನಲ್ಲಿ ಹತ್ತಾರು ಬಗೆಯ ಸ್ಥಳೀಯ ಹುಳಗಳಿವೆ: ಚಪ್ಪಟೆಯವು, ಗಾಜಿನಂಥ ತೆಳು ಚಿಪ್ಪಿನವು, ಬಾಯಿಗೆ ಗಟ್ಟಿ ಮುಚ್ಚಳ ಇರುವವು. ಹೆಚ್ಚಿನವು ಪಾಚಿ, ಕೊಳೆತ ಎಲೆ ತಿಂದು ಬದುಕುತ್ತವೆ. ಅರಿಯೊಫಾಂಟ ಎಂಬ ಗುಂಪಿನವುಗಳ ಚಿಪ್ಪು ಎಡಕ್ಕೆ ಸುತ್ತುತ್ತದೆ. ತುದಿ ಮೇಲೆ ಮಾಡಿ, ಬಾಯಿ ನಿಮ್ಮ ಕಡೆ ತಿರುಗಿಸಿ ಹಿಡಿದರೆ ಆಫ್ರಿಕನ್ ಹುಳದ ಬಾಯಿ ಬಲಕ್ಕಿರುತ್ತದೆ, ಇದರದ್ದು ಎಡಕ್ಕೆ. ದೇವರ ಕೋಣೆಯ ಬಲಮುರಿ ಶಂಖವನ್ನೂ ಹೀಗೇ ಹಿಡಿದು ನೋಡಿದರೆ ಹೆಸರು ಬಲಮುರಿಯಾದರೂ ಇದೇ ಎಡ ಸುತ್ತು ಕಾಣುತ್ತದೆ. ಲಕ್ಷಕ್ಕೊಂದು ಎಂದು ಶಂಖವನ್ನು ಪೂಜಿಸುವ ನಾವು, ಅದೇ ಸುತ್ತಿನ ಜೀವ ಅಂಗಳದಲ್ಲಿ ಹರಿದರೆ ಉಪ್ಪು ಹಾಕುತ್ತೇವೆ.

ಪೆಸಿಫಿಕ್ ದ್ವೀಪಗಳಲ್ಲಿ ಆದದ್ದನ್ನು ಓದಿದ ಮೇಲೆ ಈ ವ್ಯತ್ಯಾಸ ನನಗೆ ಇನ್ನೂ ಮುಖ್ಯವಾಯಿತು. ಆಫ್ರಿಕನ್ ಹುಳವನ್ನು ತಿನ್ನಲೆಂದು 1977ರಲ್ಲಿ ಮೊರೆಯ ಎಂಬ ದ್ವೀಪಕ್ಕೆ ಇನ್ನೊಂದು ಬೇಟೆಗಾರ ಬಸವನಹುಳವನ್ನು ತಂದು ಬಿಟ್ಟರು. ಅದು ದೊಡ್ಡದನ್ನು ಬಿಟ್ಟು ಅಲ್ಲಿನ ಪುಟ್ಟ ಪಾರ್ಟುಲ ಹುಳಗಳನ್ನು ತಿಂದಿತು. ಹತ್ತು ವರ್ಷದಲ್ಲಿ ಆ ದ್ವೀಪದ ಕಾಡಿನಲ್ಲಿ ಪಾರ್ಟುಲಗಳು ಹೆಚ್ಚುಕಡಿಮೆ ಉಳಿಯಲೇ ಇಲ್ಲ.

ಈ ವರ್ಷ ಭರಣಿಯ ಎರಡನೆಯ ರಾತ್ರಿ. ಮಳೆ ನಿಂತು ಸೂರಿನಿಂದ ಹನಿ ಮಾತ್ರ ಬೀಳುತ್ತಿತ್ತು. ಹಾಳೆಗಳನ್ನೆಲ್ಲ ಮಗುಚಿ, ಬಾಲ್ದಿಯನ್ನು ಮೆಟ್ಟಿಲ ಬಳಿ ಇಟ್ಟು, ಕೊನೆಯದಾಗಿ ಬಾವಿಕಟ್ಟೆಯ ಕಡೆ ಟಾರ್ಚು ಹಿಡಿದೆ. ಕಾಡುಬಸಳೆಯ ಎಲೆಯ ಮೇಲೆ ಒಂದು ಹುಳ ಇತ್ತು. ನೆಲ್ಲಿಕಾಯಿಗಿಂತ ಚಿಕ್ಕದು, ಚಪ್ಪಟೆ, ಚಿಪ್ಪಿನ ಸುತ್ತ ಒಂದೇ ಒಂದು ಕಂದು ಗೆರೆ. ಕೈಗವಸಿನ ಬೆರಳಿನಿಂದ ಎತ್ತಿ ತುದಿ ಮೇಲೆ ಮಾಡಿದೆ. ಬಾಯಿ ಎಡಕ್ಕೆ.

"ಎಷ್ಟಾಯ್ತು?" ಅತ್ತೆ ಜಗಲಿಯಿಂದ ಕೇಳಿದರು.

"ಹದಿನೇಳು."

"ಕೈಯಲ್ಲಿ ಮತ್ತೊಂದು ಉಂಟಲ್ಲ?"

"ಇದು ಲೆಕ್ಕಕ್ಕಿಲ್ಲ ಅತ್ತೆ."

ಬಿಂಬುಳಿ ಮರದ ಕಾಂಡದಲ್ಲಿ ಪಾಚಿ ಇರುವ ಬದಿ ನೋಡಿ ಅದನ್ನು ಅಂಟಿಸಿದೆ. ಸ್ವಲ್ಪ ಹೊತ್ತು ಅಲ್ಲಾಡಲಿಲ್ಲ. ಟಾರ್ಚು ಆರಿಸಿ ಕಾದೆ. ಮತ್ತೆ ಹಾಕಿ ನೋಡುವಾಗ ಕೊಂಬು ಎರಡನ್ನೂ ಚಾಚಿ ಮೇಲಕ್ಕೆ ಒಂದು ಗೇಣು ಹೋಗಿತ್ತು.